ಮುಂಲೇಪದ ಕನ್ನಡಿ: ಝೆರಾಕ್ಸ್ ಅಂಗಡಿಯಿಂದ ಹಾನ್ಲೆಯವರೆಗೆ

ಮನೆಯ ಗೋಡೆಯ ಕನ್ನಡಿಗೆ ಪೆನ್ಸಿಲ್ ಮೊನೆ ತಾಗಿಸಿದರೆ ಮೊನೆಗೂ ಅದರ ಬಿಂಬಕ್ಕೂ ನಡುವೆ ಒಂದು ಸಂದು ಉಳಿಯುತ್ತದೆ. ಗಾಜು 4 ಮಿಲಿಮೀಟರ್ ದಪ್ಪವಿದ್ದರೆ, ನೇರವಾಗಿ ನೋಡಿದಾಗ ಈ ಸಂದು 5 ಮಿಲಿಮೀಟರಿಗೂ ತುಸು ಹೆಚ್ಚಾಗಿ ಕಾಣುತ್ತದೆ. ಬೆಳಕನ್ನು ಹಿಂದಿರುಗಿಸುವ ಬೆಳ್ಳಿಯ ಪದರ ಇರುವುದು ಗಾಜಿನ ಬೆನ್ನಿಗೆ. ಪೆನ್ಸಿಲ್ ತಾಗಿದ್ದು ಗಾಜಿನ ಎದೆಗೆ. ಇನ್ನೊಂದು ಬಗೆಯ ಕನ್ನಡಿಯಲ್ಲಿ ಈ ಸಂದೇ ಇರುವುದಿಲ್ಲ. ಮೊನೆಯೂ ಬಿಂಬದ ಮೊನೆಯೂ ಕೂಡಿಕೊಳ್ಳುತ್ತವೆ, ಎರಡು ಪೆನ್ಸಿಲ್‌ಗಳನ್ನು ತುದಿಗೆ ತುದಿ ಜೋಡಿಸಿ ಹಿಡಿದಂತೆ. ಅಲ್ಲಿ ಹೊಳೆಯುವ ಲೋಹ ಗಾಜಿನ ಮುಂಭಾಗದಲ್ಲೇ ಇರುತ್ತದೆ. ಗಾಜು ಬರಿಯ ಆಧಾರ. ಬೆಳಕು ಅದರೊಳಗೆ ಹೊಗುವುದೇ ಇಲ್ಲ. ಇದು ಮುಂಲೇಪದ ಕನ್ನಡಿ. ಅಂಗಡಿಗಳಲ್ಲಿ ಇದಕ್ಕೆ ಫ್ರಂಟ್ ಕೋಟೆಡ್ ಮಿರರ್ ಎಂದೂ ಫಸ್ಟ್ ಸರ್ಫೇಸ್ ಮಿರರ್ ಎಂದೂ ಹೆಸರು. ಇದನ್ನು ಪರೀಕ್ಷಿಸುವಾಗ ಮಾತ್ರ ಪೆನ್ಸಿಲ್ ಬೇಡ, ಮೆತ್ತನೆಯ ಕಾಗದದ ಮೂಲೆಯನ್ನು ಹತ್ತಿರ ತಂದರೆ ಸಾಕು. ಮೊನೆ ತಾಗಿದರೆ ಗೀರು ಬೀಳುವುದು ಗಾಜಿಗಲ್ಲ, ಲೋಹಕ್ಕೆ.

ಸಾಮಾನ್ಯ ಕನ್ನಡಿಯ ರಚನೆ ಗೊತ್ತಿದ್ದರೆ ಈ ಬದಲಾವಣೆಯ ಬೆಲೆ ತಿಳಿಯುತ್ತದೆ. ಅದರ ಮೂಲ ವಸ್ತು ಫ್ಲೋಟ್ ಗಾಜು. ಕರಗಿದ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ, ಎರಡೂ ಬದಿ ಸಮತಟ್ಟಾಗುವಂತೆ ತಣಿಸಿ ಇದನ್ನು ತಯಾರಿಸುತ್ತಾರೆ. ನವಿಮುಂಬಯಿಗೆ ಅಂಟಿಕೊಂಡಿರುವ ತಳೋಜಾ ಕೈಗಾರಿಕಾ ವಸಾಹತಿನಲ್ಲಿ ಇಂಥ ಗಾಜಿನ ಕಾರ್ಖಾನೆಯಿದೆ. ಗಾಜಿನ ಒಂದು ಬದಿಯನ್ನು ತೊಳೆದು, ಬೆಳ್ಳಿಯ ಲವಣದ ದ್ರಾವಣವನ್ನೂ ಸಕ್ಕರೆಯ ಜಾತಿಯ ಒಂದು ದ್ರಾವಣವನ್ನೂ ಒಟ್ಟಿಗೆ ಸಿಂಪಡಿಸಿದರೆ ಬೆಳ್ಳಿ ಲೋಹರೂಪದಲ್ಲಿ ಗಾಜಿಗೆ ಅಂಟುತ್ತದೆ. ಅದರ ಮೇಲೆ ತಾಮ್ರದ ತೆಳುಪದರ, ಅದರ ಮೇಲೆ ಬಣ್ಣ. ಹೀಗೆ ಬೆಳ್ಳಿಗೆ ಮುಂದೆ ಗಾಜಿನ ಕಾವಲು, ಹಿಂದೆ ಬಣ್ಣದ ಕಾವಲು. ಅಂಚಿನಿಂದ ನೀರು ನುಗ್ಗಿದಾಗಷ್ಟೇ ಅಲ್ಲಲ್ಲಿ ಕಪ್ಪು ಮಚ್ಚೆ ಮೂಡುತ್ತದೆ. ಜನ ಅದನ್ನು ಈಗಲೂ ಪಾದರಸ ಹೋದ ಕನ್ನಡಿ ಎನ್ನುತ್ತಾರೆ. ತವರ ಮತ್ತು ಪಾದರಸದ ಮಿಶ್ರಣವನ್ನು ಗಾಜಿನ ಬೆನ್ನಿಗೆ ಹಚ್ಚುತ್ತಿದ್ದ ಹಳೆಯ ಕಾಲದ ಮಾತು ಅದು. ಪಾದರಸ ಹೋದರೂ ಮಾತು ಉಳಿದಿದೆ.

ಕಾವಲಿಗೆ ನಿಂತ ಗಾಜಿನಿಂದ ತೊಂದರೆಯೂ ಇದೆ. ಗಾಳಿಯಿಂದ ಗಾಜಿಗೆ ಇಳಿಯುವಾಗ ಬೆಳಕಿನ ಸುಮಾರು 4 ಶೇಕಡಾ ಭಾಗ ಗಾಜಿನ ಮೇಲ್ಮೈಯಿಂದಲೇ ಹಿಂದಿರುಗುತ್ತದೆ. ಉಳಿದದ್ದು ಒಳಗೆ ಹೋಗಿ ಬೆಳ್ಳಿಗೆ ತಾಗಿ ಹೊರಗೆ ಬರುತ್ತದೆ. ಆದ್ದರಿಂದ ಹಿಂಲೇಪದ ಕನ್ನಡಿಯಲ್ಲಿ ಯಾವಾಗಲೂ ಎರಡು ಬಿಂಬಗಳಿರುತ್ತವೆ, ಒಂದು ಗಟ್ಟಿ, ಇನ್ನೊಂದು ಮಸುಕು. ಒಳಗೆ ಮತ್ತೊಮ್ಮೆ ಪುಟಿದ ಬೆಳಕಿನಿಂದ ಮೂರನೆಯದೂ ಇನ್ನಷ್ಟು ಮಸುಕಾಗಿ ಇರುತ್ತದೆ. ತಲೆ ಬಾಚುವವರಿಗೆ ಇದು ಗಮನಕ್ಕೇ ಬರುವುದಿಲ್ಲ, ಏಕೆಂದರೆ ನೇರವಾಗಿ ನಿಂತು ನೋಡುವಾಗ ಬಿಂಬಗಳು ಒಂದರ ಹಿಂದೆ ಒಂದು ಅಡಗಿರುತ್ತವೆ. ಕನ್ನಡಿಯನ್ನು ಓರೆಯಾಗಿಸಿದರೆ ಅವು ಬೇರೆಯಾಗುತ್ತವೆ. 4 ಮಿಲಿಮೀಟರ್ ಗಾಜಿನ ಮೇಲೆ ಬೆಳಕು 45 ಡಿಗ್ರಿ ಕೋನದಲ್ಲಿ ಬಿದ್ದಾಗ ಗಟ್ಟಿ ಕಿರಣಕ್ಕೂ ಮಸುಕು ಕಿರಣಕ್ಕೂ ನಡುವಿನ ಅಂತರ ಸುಮಾರು 3 ಮಿಲಿಮೀಟರ್. ರಾತ್ರಿ ಹಾಲಿನ ದೀಪವಾರಿಸಿ, ಒಂದು ಮೇಣದ ಬತ್ತಿ ಹಚ್ಚಿ, ಕನ್ನಡಿಯನ್ನು ತೀರ ಓರೆಯಿಂದ ನೋಡಿದರೆ ಜ್ವಾಲೆಗಳ ಒಂದು ಸಾಲೇ ಕಾಣುತ್ತದೆ.

ಡೊಂಬಿವಲಿಯ ಮಂಜುನಾಥ ವಿದ್ಯಾಲಯವೇ ಆಗಲಿ ಕರ್ನಾಟಕದ ಯಾವುದೋ ಹಳ್ಳಿಯ ಪ್ರೌಢಶಾಲೆಯೇ ಆಗಲಿ, ವಿಜ್ಞಾನದ ಪುಸ್ತಕದಲ್ಲಿ ಮಕ್ಕಳು ಬರೆಯುವ ಕನ್ನಡಿಯ ಚಿತ್ರ ಒಂದೇ: ಒಂದು ಗೆರೆ, ಅದರ ಹಿಂದೆ ಸಣ್ಣ ಸಣ್ಣ ಓರೆಗೀಟು. ಕಿರಣ ಬಂದು ಗೆರೆಗೆ ತಾಗುತ್ತದೆ, ಅಷ್ಟೇ ಕೋನದಲ್ಲಿ ತಿರುಗಿ ಹೋಗುತ್ತದೆ. ಆ ಗೆರೆಗೆ ದಪ್ಪವಿಲ್ಲ, ಕಿರಣ ಎಲ್ಲಿಯೂ ಬಾಗುವುದಿಲ್ಲ, ಎರಡನೆಯ ಬಿಂಬವಿಲ್ಲ. ಮಕ್ಕಳು ನಿತ್ಯ ನೋಡುವ ಕನ್ನಡಿಗೆ ಈ ಚಿತ್ರ ಪೂರ್ತಿ ಹೊಂದುವುದಿಲ್ಲ. ಹೊಂದುವುದು ಮುಂಲೇಪದ ಕನ್ನಡಿಗೆ. ಪಾಠದಲ್ಲಿ ಓದಿದ ನಿಯಮ ಚಾಚೂ ತಪ್ಪದೆ ನಡೆಯಬೇಕಾದ ಯಂತ್ರಗಳಲ್ಲೆಲ್ಲ ಇದನ್ನೇ ಬಳಸುತ್ತಾರೆ.

ಅಂಥ ಯಂತ್ರಗಳಲ್ಲಿ ಜನರಿಗೆ ತೀರ ಹತ್ತಿರದ್ದು ಝೆರಾಕ್ಸ್. ಡೊಂಬಿವಲಿ ಸ್ಟೇಷನ್ನಿನ ಪೂರ್ವ ಬದಿಯ ಗಲ್ಲಿಗಳಲ್ಲಿ, ಥಾಣೆಯ ನ್ಯಾಯಾಲಯದ ಆಸುಪಾಸಿನಲ್ಲಿ, ಕಲ್ಯಾಣದ ಕಾಲೇಜುಗಳ ಮುಂದೆ ಸಾಲಾಗಿ ಇರುವ ಅಂಗಡಿಗಳಲ್ಲಿ ದಿನವಿಡೀ ಓಡುವ ದೊಡ್ಡ ಯಂತ್ರದ ಗಾಜಿನ ಹಾಸಿನ ಕೆಳಗೆ ಉದ್ದನೆಯ ಪಟ್ಟಿಯಂಥ ಮೂರು ಕನ್ನಡಿಗಳಿರುತ್ತವೆ. ಮೊದಲನೆಯದು ದೀಪದ ಜೊತೆಗೇ ಕಾಗದದ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಯುತ್ತದೆ. ಅದರಿಂದ ಬಂದ ಬೆಳಕನ್ನು ಉಳಿದ ಎರಡು ಕನ್ನಡಿಗಳು ಮಡಿಚಿ ಮಸೂರದ ಕಡೆಗೆ ಕಳಿಸುತ್ತವೆ. ಈ ಎರಡೂ ಒಂದೇ ಗಾಡಿಯ ಮೇಲಿದ್ದು ಮೊದಲನೆಯದರ ಅರ್ಧ ವೇಗದಲ್ಲಿ ಚಲಿಸುತ್ತವೆ. ಅರ್ಧ ವೇಗ ಯಾಕೆ ಎಂಬುದರಲ್ಲೇ ಯಂತ್ರದ ಜಾಣ್ಮೆಯಿದೆ. ಮೊದಲ ಕನ್ನಡಿ ಮುಂದೆ ಹೋದಷ್ಟೂ ಬೆಳಕಿನ ಹಾದಿ ಉದ್ದವಾಗಬೇಕಿತ್ತು. ಆಗ ಮಸೂರದ ಫೋಕಸ್ ತಪ್ಪಿ ಅಕ್ಷರ ಮಸುಕಾಗುತ್ತಿತ್ತು. ಎರಡು ಕನ್ನಡಿಗಳ ಗಾಡಿ ಅರ್ಧದಷ್ಟು ಸರಿದರೆ ಹೋಗುವ ಹಾದಿಯಲ್ಲಿ ಅರ್ಧ, ಬರುವ ಹಾದಿಯಲ್ಲಿ ಅರ್ಧ ಸರಿಹೊಂದಿ ಒಟ್ಟು ಉದ್ದ ಬದಲಾಗುವುದಿಲ್ಲ.

ಈ ಮೂರರ ಜಾಗದಲ್ಲಿ ಹಿಂಲೇಪದ ಕನ್ನಡಿಗಳನ್ನು ಕೂರಿಸಿದರೆ ಒಂದೊಂದು ಕನ್ನಡಿಯೂ ತನ್ನ ಪಾಲಿನ ಮಸುಕು ನೆರಳನ್ನು ಸೇರಿಸುತ್ತದೆ. ಪಹಣಿಯ ಪ್ರತಿಯಲ್ಲಿ ಪ್ರತಿ ಅಂಕಿಯ ಪಕ್ಕದಲ್ಲೂ ಅದರದೇ ತೆಳು ಛಾಯೆ ಬೀಳುತ್ತದೆ. ಮುಂಲೇಪದ ಕನ್ನಡಿಯಲ್ಲಿ ಆ ಕಷ್ಟವಿಲ್ಲ, ಆದರೆ ಬೆಳಕಿನ ನಷ್ಟದ ಲೆಕ್ಕ ಇದೆ. ಸಾದಾ ಅಲ್ಯೂಮಿನಿಯಂ ಲೇಪ ಬೆಳಕಿನ ಸುಮಾರು 90 ಶೇಕಡಾ ಹಿಂದಿರುಗಿಸುತ್ತದೆ. ಮೂರು ಕನ್ನಡಿ ದಾಟುವಷ್ಟರಲ್ಲಿ ಉಳಿಯುವುದು 73, ಐದು ದಾಟಿದರೆ 59. ಲೇಪದ ಗುಣವನ್ನು 95ಕ್ಕೆ ಏರಿಸಿದರೆ ಐದು ಕನ್ನಡಿಗಳ ನಂತರವೂ 77 ಉಳಿಯುತ್ತದೆ. ಐದು ಶೇಕಡಾ ಎಂದರೆ ಸಣ್ಣದೆನ್ನಿಸಬಹುದು. ಸಾಲಾಗಿ ನಿಂತಾಗ ಅದು ದೊಡ್ಡದಾಗುತ್ತದೆ. ಇತ್ತೀಚೆಗೆ ಮನೆಗಳಿಗೆ ಬಂದಿರುವ ತೆಳ್ಳನೆಯ ಅಗ್ಗದ ಸ್ಕ್ಯಾನರುಗಳಲ್ಲಿ ಕನ್ನಡಿಗಳೇ ಇರುವುದಿಲ್ಲ, ಕಾಗದಕ್ಕೆ ಅಂಟಿದಂತೆ ಓಡುವ ಸೆನ್ಸರ್ ಪಟ್ಟಿ ಆ ಕೆಲಸ ಮಾಡುತ್ತದೆ. ಲೇಸರ್ ಪ್ರಿಂಟರಿನಲ್ಲಿ ಮಾತ್ರ ಹಲವು ಮುಖದ ಪುಟ್ಟ ಲೋಹದ ಚಕ್ರವೊಂದು ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುತ್ತ, ತನ್ನ ಹೊಳೆಯುವ ಮುಖಗಳಿಂದ ಲೇಸರ್ ಕಿರಣವನ್ನು ಸಾಲು ಸಾಲಾಗಿ ಹರಡುತ್ತದೆ. ಅದೂ ಮುಂಲೇಪದ ಕನ್ನಡಿಯ ಬಳಗದ್ದೇ.

ಹೊಳಪು ಮುಂದಿರುವ ಕನ್ನಡಿ ಹೊಸತೆಂದು ಭಾವಿಸಬೇಕಿಲ್ಲ. ಗಾಜಿನ ಕನ್ನಡಿಗಿಂತ ಅದೇ ಹಿರಿಯದು. ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠೆಗೊಂಡಿತು. ಅಲ್ಲಿನ ದರ್ಪಣ ಸುಂದರಿ ಕೈಯಲ್ಲಿ ಹಿಡಿದಿರುವುದು ದುಂಡನೆಯ ಹಿಡಿಗನ್ನಡಿ. ಆ ಕಾಲದ ಕನ್ನಡಿಯೆಂದರೆ ಉಜ್ಜಿ ನಯಗೊಳಿಸಿದ ಲೋಹದ ಬಿಲ್ಲೆ. ಬೆಳಕು ಲೋಹದ ಮೇಲ್ಮೈಗೇ ತಾಗಿ ಹಿಂದಿರುಗುತ್ತಿತ್ತು. ಕೇರಳದ ಆರನ್ಮುಳದಲ್ಲಿ ಈ ಪರಂಪರೆ ಇಂದಿಗೂ ಜೀವಂತವಾಗಿದೆ. ತಾಮ್ರ ಮತ್ತು ತವರದ ಮಿಶ್ರಲೋಹವನ್ನು ಎರಕ ಹೊಯ್ದು, ದಿನಗಟ್ಟಲೆ ಉಜ್ಜಿ ಅಲ್ಲಿನ ಕುಟುಂಬಗಳು ತಯಾರಿಸುವ ಕನ್ನಡಿಗೆ ಕಾಗದದ ಮೂಲೆ ತಾಗಿಸಿದರೆ ಸಂದು ಕಾಣುವುದಿಲ್ಲ. ಕೊಳ್ಳುವವರು ಅಸಲಿಯೋ ನಕಲಿಯೋ ಎಂದು ನೋಡುವುದೂ ಹೀಗೆಯೇ. 1668ರಲ್ಲಿ ನ್ಯೂಟನ್ ತನ್ನ ದೂರದರ್ಶಕಕ್ಕೆ ಬಳಸಿದ್ದೂ ಇದೇ ಜಾತಿಯ ಬಿಳಿಗಂಚು. ಅದು ಬೆಳಕಿನ ಮೂರನೆಯ ಎರಡು ಭಾಗವನ್ನಷ್ಟೇ ಹಿಂದಿರುಗಿಸುತ್ತಿತ್ತು, ಬೇಗ ಕಂದುತ್ತಿತ್ತು. ಕಂದಿದಾಗಲೆಲ್ಲ ಉಜ್ಜಬೇಕು, ಉಜ್ಜಿದಾಗಲೆಲ್ಲ ಕಷ್ಟಪಟ್ಟು ಕೊಟ್ಟ ಆಕಾರ ಕೆಡುವ ಭಯ.

ಆಕಾರ ಒಂದರದು, ಹೊಳಪು ಇನ್ನೊಂದರದು ಎಂದು ಕೆಲಸ ಹಂಚಿದ್ದು ಹತ್ತೊಂಬತ್ತನೆಯ ಶತಮಾನದ ಸಾಧನೆ. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಗಾಜಿನ ಮೇಲೆ ಬೆಳ್ಳಿ ಇಳಿಸುವ ರಾಸಾಯನಿಕ ಕ್ರಿಯೆಯನ್ನು 1835ರಲ್ಲಿ ತೋರಿಸಿದ್ದ. 1856 ಮತ್ತು 1857ರಲ್ಲಿ ಜರ್ಮನಿಯ ಶ್ಟೈನ್‌ಹೈಲ್ ಮತ್ತು ಫ್ರಾನ್ಸಿನ ಫುಕೋ ಅದನ್ನು ದೂರದರ್ಶಕಕ್ಕೆ ತಂದರು. ಗಾಜನ್ನು ಬೇಕಾದ ಬಾಗಿಗೆ ಉಜ್ಜಿ, ಮುಂದಿನ ಮೈಗೆ ಬೆಳ್ಳಿ ಹಚ್ಚಿದರು. ಬೆಳ್ಳಿ ಕಂದಿದರೆ ತೊಳೆದು ಹೊಸದು ಹಚ್ಚಬಹುದು, ಗಾಜಿನ ಆಕಾರಕ್ಕೆ ಕುಂದಿಲ್ಲ. 1930ರ ದಶಕದಲ್ಲಿ ಅಮೆರಿಕದ ಜಾನ್ ಸ್ಟ್ರಾಂಗ್ ನಿರ್ವಾತದಲ್ಲಿ ಅಲ್ಯೂಮಿನಿಯಂ ಲೇಪಿಸುವ ವಿಧಾನವನ್ನು ದೊಡ್ಡ ದೂರದರ್ಶಕಗಳಿಗೆ ಹೊಂದಿಸಿದ ಮೇಲೆ ಬೆಳ್ಳಿ ಹಿಂದೆ ಸರಿಯಿತು.

ಬೆಳ್ಳಿ ಸೋತದ್ದು ಹೊಳಪಿನಲ್ಲಲ್ಲ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಬೆಳ್ಳಿ 95 ಶೇಕಡಾಕ್ಕೂ ಹೆಚ್ಚು ಹಿಂದಿರುಗಿಸಿದರೆ ಅಲ್ಯೂಮಿನಿಯಂ 90ರ ಆಸುಪಾಸು. ಆದರೆ ಗಾಳಿಯಲ್ಲಿ ಗಂಧಕದ ಅಂಶ ಚೂರಿದ್ದರೂ ಬೆಳ್ಳಿ ಕಪ್ಪಾಗುತ್ತದೆ. ದೇವರ ಮನೆಯ ಬೆಳ್ಳಿ ದೀಪ ಕಪ್ಪಾಗುವುದೂ ಇದರಿಂದಲೇ. ಅಲ್ಯೂಮಿನಿಯಂ ಗಾಳಿಗೆ ಬಂದ ಕೂಡಲೇ ಅದರ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಬೆಳೆಯುತ್ತದೆ. ಪಾರದರ್ಶಕವಾದ ಈ ಪೊರೆ ಕೆಳಗಿನ ಲೋಹವನ್ನು ಕಾಯುತ್ತದೆ. ಇನ್ನೊಂದು ದೊಡ್ಡ ಅನುಕೂಲ ನೇರಳಾತೀತ ಬೆಳಕಿನದು. ಅಲ್ಲಿ ಬೆಳ್ಳಿಯ ಹೊಳಪು ದಿಢೀರನೆ ಕುಸಿಯುತ್ತದೆ, ಅಲ್ಯೂಮಿನಿಯಂ ತನ್ನ 90ನ್ನು ಬಿಡುವುದಿಲ್ಲ. ಅವಕೆಂಪಿಗೆ ಚಿನ್ನ ಶ್ರೇಷ್ಠ. 2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕದ 18 ತುಂಡುಗಳ, 6.5 ಮೀಟರ್ ಅಗಲದ ಕನ್ನಡಿಗೆ ಚಿನ್ನ ಲೇಪಿಸಿದ್ದು ಅದಕ್ಕಾಗಿಯೇ.

ಹಲ್ಲಿನ ಡಾಕ್ಟರ ತಟ್ಟೆಯಲ್ಲಿ ಉದ್ದ ಹಿಡಿಕೆಯ, ನಾಣ್ಯದಗಲದ ಕನ್ನಡಿಯೊಂದು ಇರುತ್ತದೆ. ಒಳ್ಳೆಯ ದಂತಗನ್ನಡಿಯ ಮುಂದಿನ ಮೈಗೆ ರೋಡಿಯಂ ಲೇಪವಿರುತ್ತದೆ. ಹೊಳಪಿನ ಲೆಕ್ಕದಲ್ಲಿ ರೋಡಿಯಂ ಹಿಂದೆ, 75ರಿಂದ 80 ಶೇಕಡಾ ಅಷ್ಟೇ. ಆದರೆ ಅದು ಗಡಸು ಲೋಹ, ತುಕ್ಕು ಹಿಡಿಯದು, ಕಂದದು. ಒಬ್ಬ ರೋಗಿಯ ಬಾಯಿಂದ ತೆಗೆದು, ಆಟೋಕ್ಲೇವಿನ ಬಿಸಿ ಹಬೆಯಲ್ಲಿ ಇಟ್ಟು, ಮತ್ತೊಬ್ಬರಿಗೆ ಬಳಸುವುದು ದಿನಕ್ಕೆ ಹಲವು ಸಲ ನಡೆಯುತ್ತದೆ. ಅಲ್ಯೂಮಿನಿಯಂ ಇದನ್ನು ಬಹುಕಾಲ ತಾಳುವುದಿಲ್ಲ. ಮೇಲಿನ ದವಡೆಯ ಹಿಂಬದಿಯ ಹಲ್ಲಿನಲ್ಲಿ ಕೂದಲೆಳೆಯಂಥ ಬಿರುಕನ್ನು ಹುಡುಕುವಾಗ ಕನ್ನಡಿ ಯಾವಾಗಲೂ ಓರೆಯಾಗಿಯೇ ಇರುತ್ತದೆ. ಹಿಂಲೇಪದ ಕನ್ನಡಿಯಲ್ಲಿ ಒಂದು ಬಿರುಕು ಎರಡಾಗಿ ಕಂಡರೆ ಡ್ರಿಲ್ ಎಲ್ಲಿಗೆ ಹೋಗಬೇಕು? ಅಷ್ಟು ಚಿಕ್ಕ ಉಪಕರಣಕ್ಕೆ ಅಷ್ಟು ದುಬಾರಿ ಲೋಹ ಹಚ್ಚುವುದು ಖಂಡಿತ ದುಂದಲ್ಲ.

ಲೇಪ ಹಚ್ಚುವ ಕೆಲಸ ನಡೆಯುವುದು ನಿರ್ವಾತದ ಕೊಠಡಿಯಲ್ಲಿ. ಮೊದಲು ಗಾಜು ಚೊಕ್ಕಟವಾಗಬೇಕು. ಬೆರಳಿನ ಜಿಡ್ಡು, ಒಣಗಿದ ನೀರಿನ ಕಲೆ, ಬಟ್ಟೆಯ ಎಳೆ, ಯಾವುದು ಉಳಿದರೂ ಅಲ್ಲಿ ಲೋಹ ಹಿಡಿಯುವುದಿಲ್ಲ, ಹಿಡಿದರೂ ಸುಲಿಯುತ್ತದೆ. ಶುದ್ಧವಾದ ಗಾಜನ್ನು ಉಕ್ಕಿನ ಕೊಠಡಿಯೊಳಗಿಟ್ಟು ಪಂಪುಗಳಿಂದ ಗಾಳಿಯನ್ನು ಹೊರಗೆಳೆಯುತ್ತಾರೆ. ಒತ್ತಡ ವಾತಾವರಣದ ಹತ್ತು ಕೋಟಿಯಲ್ಲೊಂದು ಭಾಗಕ್ಕೂ ಇಳಿಯುತ್ತದೆ. ಇಷ್ಟು ತೆರವಾದ ಜಾಗದಲ್ಲಿ ಒಂದು ಪರಮಾಣು ಇನ್ನೊಂದಕ್ಕೆ ಢಿಕ್ಕಿ ಹೊಡೆಯದೆ ಹಲವು ಮೀಟರ್ ಸಾಗಬಲ್ಲದು. ಟಂಗ್‌ಸ್ಟನ್ ತಂತಿಯ ಸುರುಳಿಗಳಿಗೆ ಅಲ್ಯೂಮಿನಿಯಂ ತುಣುಕುಗಳನ್ನು ಸಿಕ್ಕಿಸಿರುತ್ತಾರೆ. ವಿದ್ಯುತ್ ಹರಿಸಿದಾಗ ತಂತಿ ಕಾದು ಬೆಳ್ಳಗಾಗುತ್ತದೆ. 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲ್ಯೂಮಿನಿಯಂ ಕರಗಿ ತಂತಿಯನ್ನು ನೆನೆಸುತ್ತದೆ, ಸುಮಾರು 1,200 ಡಿಗ್ರಿಗೆ ಆವಿಯಾಗಿ ಹೊಮ್ಮುತ್ತದೆ. ಹೊಮ್ಮಿದ ಪರಮಾಣುಗಳು ನೆಟ್ಟಗೆ ಹೋಗಿ ತಣ್ಣನೆಯ ಗಾಜಿನ ಮೇಲೆ ಕೂರುತ್ತವೆ. ಒಂದು ನಿಮಿಷದೊಳಗೇ ಗಾಜು ಕನ್ನಡಿಯಾಗುತ್ತದೆ. ಅದೇ ಕೊಠಡಿಯಲ್ಲಿ ಇನ್ನೊಂದು ಮೂಲದಿಂದ ಸಿಲಿಕಾನ್ ಆಕ್ಸೈಡ್ ಅಥವಾ ಮೆಗ್ನೀಸಿಯಂ ಫ್ಲೋರೈಡ್ ಆವಿ ಹಾಯಿಸಿ ಮೇಲೊಂದು ರಕ್ಷಾಪೊರೆ ಕೂಡಿಸುವುದೂ ಉಂಟು.

ಈ ಲೇಪದ ದಪ್ಪ ಸುಮಾರು 100 ನ್ಯಾನೋಮೀಟರ್, ಎಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗ. ಇದಕ್ಕಿಂತ ತೀರ ತೆಳುವಾದರೆ ಬೆಳಕು ತೂರಿಹೋಗುತ್ತದೆ, ದಪ್ಪವಾದರೆ ಮೈ ಒರಟಾಗಿ ಬೆಳಕು ಚೆದರುತ್ತದೆ. ತಮಿಳುನಾಡಿನ ಜವ್ವಾದಿ ಬೆಟ್ಟದ ಕಾವಲೂರಿನಲ್ಲಿ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವೇಣು ಬಾಪು ದೂರದರ್ಶಕವಿದೆ. 1986ರ ಜನವರಿ 6ರಂದು ಉದ್ಘಾಟನೆಯಾದದ್ದು. 2.34 ಮೀಟರ್ ಅಗಲದ ಅದರ ಕನ್ನಡಿಯನ್ನು ಉಜ್ಜಿ ರೂಪಿಸಿದ್ದು ಬೆಂಗಳೂರಿನಲ್ಲೇ. ಅಷ್ಟು ದೊಡ್ಡ ಮೈಗೆ 100 ನ್ಯಾನೋಮೀಟರ್ ಲೇಪ ಕೂರಬೇಕಾದರೆ ಎಷ್ಟು ಅಲ್ಯೂಮಿನಿಯಂ ಬೇಕೆಂದು ಲೆಕ್ಕ ಹಾಕಿದರೆ ಬರುವ ಉತ್ತರ ಸುಮಾರು 1.2 ಗ್ರಾಂ. ಟನ್‌ಗಟ್ಟಲೆ ತೂಗುವ ಗಾಜು ಆಕಾರವನ್ನು ಹಿಡಿದು ನಿಂತಿರುತ್ತದೆ. ನಕ್ಷತ್ರದ ಬೆಳಕನ್ನು ತಿರುಗಿಸುವ ಕೆಲಸವೆಲ್ಲ ಆ ಒಂದು ಗ್ರಾಂ ಚಿಲ್ಲರೆ ಲೋಹದ್ದು. ಅದಕ್ಕಿಂತ ದೊಡ್ಡದಾದ, ನೈನಿತಾಲ್ ಬಳಿಯ ದೇವಸ್ಥಳದಲ್ಲಿರುವ 3.6 ಮೀಟರ್ ದೂರದರ್ಶಕದ ಕನ್ನಡಿಗೆ ಲೇಪ ಹಚ್ಚುವ ಕೊಠಡಿಯನ್ನು ತಯಾರಿಸಿದ್ದು ಬೆಂಗಳೂರಿನ ಹಿಂದ್ ಹೈ ವ್ಯಾಕ್ಯೂಮ್ ಕಂಪನಿ.

ದೂರದರ್ಶಕದಲ್ಲಿ ಹಿಂಲೇಪ ನಡೆಯದಿರಲು ಮಸುಕು ಬಿಂಬವೊಂದೇ ಕಾರಣವಲ್ಲ. ಬೆಳಕು ಗಾಜಿನೊಳಗೆ ಹೋಗಿ ಬರುವುದಾದರೆ ಗಾಜಿನ ಎರಡೂ ಮೈ ಕರಾರುವಾಕ್ಕಾಗಿರಬೇಕು, ಒಳಗೆ ಎಲ್ಲೂ ಗುಳ್ಳೆ, ಎಳೆ ಇರಬಾರದು; ಬಣ್ಣ ಬಣ್ಣದ ಬೆಳಕು ಬೇರೆ ಬೇರೆಯಾಗಿ ಬಾಗುತ್ತದೆ. ಮುಂಲೇಪದಲ್ಲಿ ಒಂದೇ ಮೈ ಸರಿಯಿದ್ದರೆ ಸಾಕು. ಆದರೆ ಆ ಒಂದು ಮೈ ಬೆಳಕಿನ ಅಲೆಯುದ್ದದ ಎಂಟನೆಯ ಒಂದು ಭಾಗದಷ್ಟೂ ತಪ್ಪಬಾರದು, ಎಂದರೆ ಸುಮಾರು 70 ನ್ಯಾನೋಮೀಟರ್. ಲೇಪ ಕೆಳಗಿನ ಗಾಜಿನ ಆಕಾರವನ್ನು ಇದ್ದಂತೆ ಅನುಸರಿಸುತ್ತದೆ. ಗಾಜಿನಲ್ಲಿ ತಪ್ಪಿದ್ದರೆ ಲೇಪ ಅದನ್ನು ಮುಚ್ಚುವುದಿಲ್ಲ.

ಥಾಣೆ ಖಾಡಿಯ ಎರಡು ದಡಗಳಲ್ಲಿ ಈ ವಿದ್ಯೆಯ ಅತಿ ಕಠಿಣ ಭಾಗದ ಕೆಲಸ ನಡೆದಿದೆ. ಖಾಡಿಯ ಪಶ್ಚಿಮಕ್ಕೆ ಟ್ರಾಂಬೆಯಲ್ಲಿ ಭಾಭಾ ಅಣುಶಕ್ತಿ ಸಂಶೋಧನ ಕೇಂದ್ರ. ಪೂರ್ವಕ್ಕೆ, ಸೇತುವೆ ದಾಟಿದರೆ, ನವಿಮುಂಬಯಿಯ ವಾಶಿಯಲ್ಲಿ ಅದೇ ಕೇಂದ್ರದ ಬೆರಿಲಿಯಂ ಘಟಕ. ಬೆರಿಲಿಯಂ ಅಲ್ಯೂಮಿನಿಯಮ್ಮಿಗಿಂತ ಹಗುರ, ಉಕ್ಕಿಗಿಂತಲೂ ಬಿಗಿ. ಉಪಗ್ರಹದಲ್ಲಿ ಬಿಡುವಿಲ್ಲದೆ ಅತ್ತಿತ್ತ ಹೊರಳಬೇಕಾದ ಕನ್ನಡಿಗೆ ಇದಕ್ಕಿಂತ ಒಳ್ಳೆಯ ಲೋಹ ಸಿಗುವುದು ಕಷ್ಟ. 1992ರಲ್ಲಿ ಹಾರಿದ ಇನ್ಸಾಟ್-2ಎ ಉಪಗ್ರಹದ ಹವಾಮಾನ ಉಪಕರಣದಲ್ಲಿ ಇದ್ದದ್ದು ಬೆರಿಲಿಯಂ ಕನ್ನಡಿ. ಅದು 45 ಡಿಗ್ರಿ ಓರೆಯಲ್ಲಿ ನಿಂತು, ಭೂಮಿಯ ಮುಖವನ್ನು ಪಟ್ಟಿ ಪಟ್ಟಿಯಾಗಿ ಸವರುತ್ತ, ಮೋಡಗಳ ಬೆಳಕನ್ನೂ ಶಾಖವನ್ನೂ ಒಳಗಿನ ದೂರದರ್ಶಕಕ್ಕೆ ಕಳಿಸುತ್ತಿತ್ತು. ಟಿವಿ ವಾರ್ತೆಯ ಕೊನೆಯಲ್ಲಿ ಅರಬ್ಬಿ ಸಮುದ್ರದ ಮೇಲೆ ಮುಂಗಾರಿನ ಮೋಡ ತೋರಿಸುತ್ತಿದ್ದುದು ಇಂಥ ಕನ್ನಡಿ ಕಂಡ ನೋಟವನ್ನೇ. ಬೆರಿಲಿಯಂನ ಧೂಳು ಶ್ವಾಸಕೋಶಕ್ಕೆ ವಿಷ. ಆದ್ದರಿಂದ ಅದನ್ನು ಕಡೆಯುವ ಯಂತ್ರಗಳನ್ನು ಗಾಳಿ ಹೊರಹೋಗದಂತೆ ಮುಚ್ಚಿ, ಸೋಸಿ, ಬಹು ಎಚ್ಚರದಿಂದ ನಡೆಸಬೇಕಾಗುತ್ತದೆ.

ಟ್ರಾಂಬೆಯ ವಿಜ್ಞಾನಿಗಳಿಗೆ ಕನ್ನಡಿ ಬೇಕಾದದ್ದು ಗಾಮಾ ಕಿರಣಗಳ ಬೇಟೆಗೆ. ದೂರದ ಗೆಲಾಕ್ಸಿಗಳಿಂದ ಬರುವ ಗಾಮಾ ಕಿರಣ ನೆಲಕ್ಕೆ ಮುಟ್ಟುವುದಿಲ್ಲ. ವಾತಾವರಣದ ಎತ್ತರದಲ್ಲಿ ಅದು ಕಣಗಳ ಮಳೆಯಾಗಿ ಒಡೆಯುತ್ತದೆ, ಆ ಕಣಗಳು ಚೆರೆಂಕೋವ್ ಬೆಳಕೆಂಬ ನೀಲಿ ಮಿಂಚನ್ನು ಕೊಡುತ್ತವೆ. ಮಿಂಚಿನ ಆಯುಸ್ಸು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಭಾಗ. ಬೆಳಕಿನ ಬಹುಪಾಲು ನೀಲಿ ಮತ್ತು ನೇರಳಾತೀತ. ಸಾದಾ ಗಾಜು ನೇರಳಾತೀತವನ್ನು ನುಂಗುತ್ತದೆ, ಬೆಳ್ಳಿ ಅದನ್ನು ಹಿಂದಿರುಗಿಸುವುದಿಲ್ಲ. ಹಿಂದೆ ಬೆಳ್ಳಿ, ಮುಂದೆ ಗಾಜು ಇರುವ ಕನ್ನಡಿ ಇಲ್ಲಿ ಎರಡು ಸಲ ಸೋಲುತ್ತದೆ. ಆದ್ದರಿಂದ ಮೌಂಟ್ ಅಬುವಿನಲ್ಲಿ ಭಾಭಾ ಕೇಂದ್ರ ನಿಲ್ಲಿಸಿದ ಟ್ಯಾಕ್ಟಿಕ್ ದೂರದರ್ಶಕದಲ್ಲಿ ಮುಂಲೇಪದ ಗಾಜಿನ ಕನ್ನಡಿಗಳನ್ನೇ ಬಳಸಿದರು. ತಲಾ 60 ಸೆಂಟಿಮೀಟರ್ ಅಗಲದ, ಒಳಬಾಗಿದ 34 ಕನ್ನಡಿಗಳು ಒಂದೇ ಚೌಕಟ್ಟಿನಲ್ಲಿ ನಿಂತು ಒಟ್ಟು ಸುಮಾರು 9.5 ಚದರ ಮೀಟರ್ ಮೈಯಿಂದ ಬೆಳಕನ್ನು ಒಂದೆಡೆ ಕೂಡಿಸುತ್ತವೆ.

ಅದರ ಮುಂದಿನ ಹೆಜ್ಜೆ ಲಡಾಖಿನ ಹಾನ್ಲೆಯ ಮೇಸ್ ದೂರದರ್ಶಕ, ಸಮುದ್ರ ಮಟ್ಟದಿಂದ ಸುಮಾರು 4,300 ಮೀಟರ್ ಎತ್ತರದಲ್ಲಿ, 2024ರ ಅಕ್ಟೋಬರ್ 4ರಂದು ಉದ್ಘಾಟನೆಯಾದದ್ದು. ಅದರ ಬಟ್ಟಲಿನ ಅಗಲ 21 ಮೀಟರ್. 356 ಫಲಕಗಳು, ಪ್ರತಿ ಫಲಕದಲ್ಲಿ ನಾಲ್ಕು, ಒಟ್ಟು 1,424 ಕನ್ನಡಿಗಳು. ಇಲ್ಲಿ ಗಾಜನ್ನೇ ಕೈಬಿಟ್ಟಿದ್ದಾರೆ. ಅಲ್ಯೂಮಿನಿಯಂ ಮಿಶ್ರಲೋಹದ ಹಾಳೆಯನ್ನು ವಜ್ರದ ಮೊನೆಯ ಉಪಕರಣದಿಂದ ಕಡೆದು ಹೊಳಪು ತಂದು, ಬೆನ್ನಿಗೆ ಜೇನುಗೂಡಿನಂಥ ಹಗುರ ಆಸರೆ ಕೊಟ್ಟು, ಮುಖಕ್ಕೆ ಸಿಲಿಕಾನ್ ಡೈಆಕ್ಸೈಡಿನ ಪಾರದರ್ಶಕ ಪೊರೆ ಹಚ್ಚಲಾಗಿದೆ. ಮೇಸ್‌ಗೆ ಗುಮ್ಮಟವಿಲ್ಲ. ಹಗಲಿನ ಬಿಸಿಲು, ರಾತ್ರಿಯ ಕೊರೆತ, ಗಾಳಿ ಹೊತ್ತು ತರುವ ಮರಳು, ಎಲ್ಲವನ್ನೂ ಆ ಬರಿಮೈ ಕನ್ನಡಿಗಳು ತಾಳಬೇಕು. ಅದೇ ಹಾನ್ಲೆಯ 2 ಮೀಟರ್ ಅಗಲದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತು, ಉಪಗ್ರಹ ಸಂಪರ್ಕದ ಮೂಲಕ.

ಲೋಹವೇ ಇಲ್ಲದ ಮುಂಲೇಪವೂ ಇದೆ. ಬೆಳಕನ್ನು ಹೆಚ್ಚು ಬಾಗಿಸುವ ಒಂದು ಪದರ, ಕಡಿಮೆ ಬಾಗಿಸುವ ಒಂದು ಪದರ, ಹೀಗೆ ಹತ್ತಾರು ಪಾರದರ್ಶಕ ಪದರಗಳನ್ನು ಅಲೆಯುದ್ದದ ಕಾಲು ಭಾಗದ ದಪ್ಪಕ್ಕೆ ಪೇರಿಸಿದರೆ ಪ್ರತಿ ಗಡಿಯಿಂದ ಮರಳುವ ಸಣ್ಣ ಸಣ್ಣ ಅಲೆಗಳು ಒಂದರ ಮೇಲೊಂದು ಸರಿಯಾಗಿ ಕೂಡಿ ಬಲಗೊಳ್ಳುತ್ತವೆ. ಆಯ್ದ ಒಂದು ಬಣ್ಣದ ಬೆಳಕಿನ 99.9 ಶೇಕಡಾಕ್ಕೂ ಹೆಚ್ಚು ಭಾಗ ಹಿಂದಿರುಗುತ್ತದೆ, ಉಳಿದ ಬಣ್ಣಗಳಿಗೆ ಅದು ಕನ್ನಡಿಯೇ ಅಲ್ಲ. ಲೇಸರ್ ಯಂತ್ರಗಳಿಗೆ ಇದು ಬೇಕೇ ಬೇಕು. ಹತ್ತು ಶೇಕಡಾ ಬೆಳಕನ್ನು ನುಂಗುವ ಲೋಹ ಬಲವಾದ ಲೇಸರ್ ಕಿರಣದಡಿ ಸುಟ್ಟುಹೋಗುತ್ತದೆ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾದಲ್ಲಿ ನಿರ್ಮಾಣವಾಗುವ ಲೈಗೋ-ಇಂಡಿಯಾದ 4 ಕಿಲೋಮೀಟರ್ ಉದ್ದದ ತೋಳುಗಳ ತುದಿಯಲ್ಲಿ ನಿಲ್ಲುವುದೂ ಈ ಜಾತಿಯ ಕನ್ನಡಿಗಳೇ.

ಇಷ್ಟೆಲ್ಲ ಗುಣವಿದ್ದರೂ ಸ್ನಾನದ ಮನೆಗೆ, ಕ್ಷೌರದ ಅಂಗಡಿಗೆ, ಹೋಟೆಲಿನ ಕೈತೊಳೆಯುವ ಜಾಗಕ್ಕೆ ಮುಂಲೇಪದ ಕನ್ನಡಿ ಸಲ್ಲದು. ದಿನಕ್ಕೆ ಹತ್ತು ಸಲ ಒದ್ದೆ ಬಟ್ಟೆ ಆಡುವಲ್ಲಿ ಅದು ವಾರವೂ ಬಾಳುವುದಿಲ್ಲ. ಕಾರಿನೊಳಗಿನ ಹಿನ್ನೋಟದ ಕನ್ನಡಿಯಲ್ಲಂತೂ ಗಾಜಿನ ಮೇಲ್ಮೈಯ ಆ 4 ಶೇಕಡಾ ಬಿಂಬವನ್ನೇ ಉಪಯೋಗಕ್ಕೆ ತಂದಿದ್ದಾರೆ. ಅಲ್ಲಿ ಗಾಜು ಬೆಣೆಯಾಕಾರದ್ದು. ರಾತ್ರಿ ಥಾಣೆ–ಬೇಲಾಪುರ ರಸ್ತೆಯಲ್ಲಿ ಹಿಂದಿನ ಲಾರಿಯ ದೀಪ ಕಣ್ಣು ಕುಕ್ಕಿದಾಗ ಪುಟ್ಟ ಸನ್ನೆಯನ್ನು ಒತ್ತಿದರೆ ಬೆಳ್ಳಿಯ ಗಟ್ಟಿ ಬಿಂಬ ಛಾವಣಿಯತ್ತ ಸರಿದು, ಗಾಜಿನ ಮಸುಕು ಬಿಂಬವಷ್ಟೇ ಚಾಲಕರ ಕಣ್ಣಿಗೆ ಬರುತ್ತದೆ. ಟಾರ್ಚಿನ ಮತ್ತು ರಿಕ್ಷಾದ ಹೆಡ್‌ಲೈಟಿನ ಒಳಗಿನ ಹೊಳೆಯುವ ಬಟ್ಟಲು ಮಾತ್ರ ಮುಂಲೇಪದ್ದೇ: ಬಟ್ಟಲಿಗೆ ಮೊದಲು ವಾರ್ನಿಷ್, ಮೇಲೆ ನಿರ್ವಾತದಲ್ಲಿ ಹಚ್ಚಿದ ಅಲ್ಯೂಮಿನಿಯಂ, ಅದರ ಮೇಲೆ ಮತ್ತೊಂದು ಪಾರದರ್ಶಕ ಪೊರೆ. ಬಲ್ಬು ಬದಲಿಸುವಾಗ ಒಳಗೆ ಬೆರಳು ತಾಗಿಸಿ ಒರೆಸಿದರೆ ಆ ಜಾಗ ಶಾಶ್ವತವಾಗಿ ಮಂಕಾಗುತ್ತದೆ.

ಸಮುದ್ರ ಮತ್ತು ಖಾಡಿಯ ಗಾಳಿ ಇಂಥ ಕನ್ನಡಿಯ ದೊಡ್ಡ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಥಾಣೆ, ನವಿಮುಂಬಯಿಗಳಲ್ಲಿ ಗೋಡೆಯೇ ಬೆವರುತ್ತದೆ. ಗಾಳಿಯಲ್ಲಿ ಉಪ್ಪು, ಇಳಿತದ ಹೊತ್ತಿಗೆ ಖಾಡಿಯ ಕೆಸರಿನಿಂದ ಏಳುವ ವಾಸನೆಯಲ್ಲಿ ಗಂಧಕದ ಅನಿಲ. ಲೇಪದಲ್ಲಿ ಸೂಜಿಮೊನೆಯಂಥ ರಂಧ್ರಗಳು ಹುಟ್ಟಿನಿಂದಲೇ ಇರುತ್ತವೆ. ಕನ್ನಡಿಯನ್ನು ದೀಪದ ಎದುರು ಹಿಡಿದು ಬೆನ್ನಿನಿಂದ ನೋಡಿದರೆ ಅವು ಆಕಾಶದ ಚುಕ್ಕಿಗಳಂತೆ ಕಾಣುತ್ತವೆ. ತೇವ ಅಲ್ಲಿಂದ ನುಸುಳಿ, ಲೇಪವನ್ನು ಅಡಿಯಿಂದ ಎಬ್ಬಿಸುತ್ತದೆ, ಚುಕ್ಕಿಗಳು ಮಳೆಗಾಲದಿಂದ ಮಳೆಗಾಲಕ್ಕೆ ಹಿಗ್ಗುತ್ತವೆ. ಎಸ್‌ಎಲ್‌ಆರ್ ಕ್ಯಾಮೆರಾದೊಳಗೆ, ಮಸೂರದ ಹಿಂದೆ 45 ಡಿಗ್ರಿಯಲ್ಲಿ ನಿಂತು ಪ್ರತಿ ಕ್ಲಿಕ್ಕಿಗೂ ಮೇಲೆ ಹಾರುವ ಕನ್ನಡಿ ಮುಂಲೇಪದ್ದು. ಮದುವೆಯ ಫೋಟೊಗ್ರಾಫರುಗಳು ಮಳೆಗಾಲದಲ್ಲಿ ಕ್ಯಾಮೆರಾವನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಡುವುದರಿಂದ ಅದಕ್ಕೂ ರಕ್ಷಣೆ ಸಿಗುತ್ತದೆ.

ಧೂಳು ಕೂತರೆ ಮೊದಲ ಉಪಾಯ ರಬ್ಬರ್ ಊದುಬುಗ್ಗೆಯಿಂದ ಊದುವುದು. ಝೆರಾಕ್ಸ್ ಪ್ರತಿಯ ಉದ್ದಕ್ಕೂ ಒಂದೇ ಜಾಗದಲ್ಲಿ ಗೆರೆ ಬೀಳುತ್ತಿದ್ದರೆ ಕನ್ನಡಿಯ ಮೇಲೆ ಕೂತ ಒಂದು ಕಣ ಕಾರಣವಿರಬಹುದು, ಊದಿದರೆ ಹೋಗುತ್ತದೆ. ಕಿಟಕಿ ಗಾಜು ಒರೆಸುವ ದ್ರವ ಬಳಸಬಾರದು. ಅದರಲ್ಲಿ ಸಾಮಾನ್ಯವಾಗಿರುವ ಅಮೋನಿಯಾದಂಥ ಕ್ಷಾರ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಜಿಡ್ಡು ಹತ್ತಿದ್ದರೆ ಕನ್ನಡಿಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಮುಳುಗಿಸಿ, ಒಂದೆರಡು ಹನಿ ಮೃದು ಸಾಬೂನು ಬೆರೆಸಿ, ಹತ್ತಿಯ ಉಂಡೆಯನ್ನು ಅದರದೇ ಭಾರದಲ್ಲಿ ಒಂದೇ ದಿಕ್ಕಿಗೆ ಎಳೆಯಬೇಕು. ಒತ್ತಬಾರದು, ಉಂಡೆಯನ್ನು ಪ್ರತಿ ಎಳೆತಕ್ಕೂ ಬದಲಿಸಬೇಕು. ಕೊನೆಯ ತೊಳೆತವೂ ಬಟ್ಟಿ ನೀರಿನಲ್ಲೇ ಆಗಬೇಕು, ನಲ್ಲಿಯ ನೀರು ಒಣಗುವಾಗ ಲವಣದ ಕಲೆ ಬಿಡುತ್ತದೆ. ನಂತರ ಕನ್ನಡಿಯನ್ನು ಅಂಚಿನ ಮೇಲೆ ನಿಲ್ಲಿಸಿ ನೀರು ತಾನಾಗಿ ಇಳಿಯಲು ಬಿಡುತ್ತಾರೆ.

ಎಷ್ಟು ಜೋಪಾನ ಮಾಡಿದರೂ ಬಯಲಿಗೆ ತೆರೆದ ಲೇಪ ಒಂದು ದಿನ ಮಂಕಾಗುತ್ತದೆ. ಆಗ ದೂರದರ್ಶಕದ ಕನ್ನಡಿಯನ್ನು ಅದರ ತೊಟ್ಟಿಲಿನಿಂದ ಇಳಿಸಿ, ಕಾಸ್ಟಿಕ್ ಸೋಡಾದ ತೆಳು ದ್ರಾವಣ ಸುರಿಯುತ್ತಾರೆ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಹೊಳಪು ತೂತು ತೂತಾಗಿ ಕರಗುತ್ತದೆ, ಕೆಲವೇ ನಿಮಿಷಗಳಲ್ಲಿ ಬರಿಯ ಗಾಜು ಉಳಿಯುತ್ತದೆ. ಗಾಜಿಗೆ ಕೊಟ್ಟ ಬಾಗು ಹಾಗೆಯೇ ಇರುತ್ತದೆ. ದ್ರಾವಣದ ಸುಳಿವೂ ಉಳಿಯದಂತೆ ತೊಳೆದು ಒಣಗಿಸಿ, ಅದನ್ನು ಮತ್ತೆ ನಿರ್ವಾತದ ಕೊಠಡಿಯೊಳಗೆ ಇಟ್ಟು ಬಾಗಿಲು ಮುಚ್ಚುತ್ತಾರೆ.